ಕೈಗೆ ಕೊಡಲಿ ಕೊಟ್ಟ ಆಡಳಿತ: ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ಒಮ್ಮೆ ಅನ್ಸಾರಿಗಳಲ್ಲೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು ಸಹಾಯ ಬೇಡಿದರು. ಮನೆಯಲ್ಲಿ ಏನಿದೆಯೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಅರ್ಧ ಹಾಸಿ ಅರ್ಧ ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು, ಅಷ್ಟೇ ಅವರ ಆಸ್ತಿ. ಪ್ರವಾದಿವರ್ಯರು(ಸ) ಅವೆರಡನ್ನೂ ತರಿಸಿ, ಅಲ್ಲಿದ್ದವರ ನಡುವೆ ಹರಾಜು ಹಾಕಿ ಎರಡು ದಿರ್ಹಮ್‌ಗಳಿಗೆ ಮಾರಿಸಿದರು. ಒಂದು ದಿರ್ಹಮಿನಿಂದ ಮನೆಯವರಿಗೆ ಆಹಾರ ಕೊಳ್ಳಲು ಹೇಳಿದರು. ಇನ್ನೊಂದರಿಂದ ಕೊಡಲಿ ತರಿಸಿ, ತಮ್ಮ ಕೈಯಿಂದಲೇ ಅದಕ್ಕೆ ಹಿಡಿ ಹಾಕಿ, ಕಟ್ಟಿಗೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ನಂತರ ಆ ವ್ಯಕ್ತಿ ಹತ್ತು ದಿರ್ಹಮ್‌ಗಳ ಒಡೆಯರಾಗಿ ಮರಳಿ ಬಂದರು. ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಈ ಘಟನೆಯ ವಿವರವಿದೆ.

ಪ್ರಿಯ ವಾಚಕರೇ, ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲ ದಿರ್ಹಮ್ ಅನ್ನಕ್ಕೆ ಹೋಯಿತು. ಹಸಿದ ಮಕ್ಕಳ ಮುಂದೆ ದುಡಿಮೆಯ ಉಪದೇಶ ಮಾಡಲಿಲ್ಲ. ಎರಡನೆಯ ದಿರ್ಹಮ್ ಕೊಡಲಿಗೆ ಹೋಯಿತು. ಮತ್ತೆ ಬೇಡುವ ಪ್ರಸಂಗವೇ ಬಾರದಂತೆ ಮಾಡಿತು. ಪರಿಹಾರ ಮತ್ತು ಪುನಶ್ಚೇತನ ಎಂದು ಇಂದಿನ ಸರಕಾರಗಳು ಕರೆಯುವ ಎರಡೂ ಕಾರ್ಯಗಳು ಆ ಎರಡು ದಿರ್ಹಮ್‌ಗಳಲ್ಲಿವೆ.

ಒಬ್ಬನ ಬಡತನಕ್ಕೆ ಒಂದು ಕೊಡಲಿ ಸಾಕಾಯಿತು. ಆದರೆ ಇಡೀ ನಾಡೇ ಬಡವಾದಾಗ ಆಳುವವರು ಏನು ಮಾಡಬೇಕು? ಸುಮಾರು ತೊಂಬತ್ತೈದು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮದೇ ನಾಡಿನ ಒಬ್ಬ ಮುಸ್ಲಿಮ್ ಆಡಳಿತಗಾರರ ಮುಂದೆ ಬಂದು ನಿಂತಿತು. ಅವರೇ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾರವರ ಅಜ್ಜ ಅಲಿ ಅಸ್ಕರ್ ಇರಾನಿನ ಶೀರಾಝ್‌ನವರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಕುದುರೆ ವ್ಯಾಪಾರದಿಂದ ಗಳಿಸಿ, ನಗರದ ಎತ್ತರದ ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆ ಇಂದಿಗೂ ಬೆಂಗಳೂರಿನಲ್ಲಿದೆ. ಈ ಮನೆತನದಲ್ಲಿ 1883ರ ಅಕ್ಟೋಬರ್ 24ರಂದು ಮಿರ್ಜಾ ಜನಿಸಿದರು.

ಬಾಲ್ಯದಲ್ಲೇ ಅವರ ಬದುಕಿಗೆ ಒಂದು ತಿರುವು ಸಿಕ್ಕಿತು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರೆಂದು ಖ್ಯಾತರಾದ ಬಾಲ ಮಹಾರಾಜರ ಜೊತೆ ಅರಮನೆಯ ಶಾಲೆಯಲ್ಲಿ ಓದಲು ಅವರು ಆಯ್ಕೆಯಾದರು. ಹಿಂದೂ ಅರಸ ಮತ್ತು ಮುಸ್ಲಿಮ್ ಸಹಪಾಠಿಯ ನಡುವೆ ಅಂದು ಬೆಳೆದ ಸ್ನೇಹ ಅರಸರು ತೀರಿಕೊಂಡ 1940ರ ವರೆಗೂ ಸಡಿಲಾಗಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ಮಿರ್ಜಾ 1905ರಲ್ಲಿ ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಸೇವೆ ಆರಂಭಿಸಿದರು. ಬಳಿಕ ಮಹಾರಾಜರ ಕಾರ್ಯದರ್ಶಿಯಾಗಿ ದೀರ್ಘಕಾಲ ದುಡಿದು 1926ರಲ್ಲಿ ದಿವಾನರಾದರು.

ಬೆಳಗಿನ ಹೊತ್ತು ಕುದುರೆಯೇರಿ ಊರು ಸುತ್ತಿ ರಸ್ತೆ, ಚರಂಡಿ, ಉದ್ಯಾನಗಳನ್ನು ತಾವೇ ನೋಡುವುದು ಅವರ ರೂಢಿಯಾಗಿತ್ತು. ಕಚೇರಿಯಲ್ಲಿ ಕೂತು ಕಾಗದದಲ್ಲಿ ಊರನ್ನು ನೋಡುವುದಕ್ಕೂ ಬೀದಿಗಿಳಿದು ನೋಡುವುದಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು. ರಾತ್ರಿ ಮದೀನದ ಗಲ್ಲಿಗಳಲ್ಲಿ ಸುತ್ತುತ್ತಿದ್ದ ಹಝ್ರತ್ ಉಮರ್(ರ)ರ ನೆನಪು ನಿಮಗಾದರೆ ಅದು ಸಹಜ. ಆ ಮಹಾನುಭಾವರಿಗೆ ಯಾರನ್ನೂ ಹೋಲಿಸುವಂತಿಲ್ಲ. ಆದರೆ ಪ್ರಜೆಗಳ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬ ಪಾಠ ಎಲ್ಲ ಕಾಲದ ಆಡಳಿತಗಾರರಿಗೂ ಒಂದೇ.

ಧಾನ್ಯವಿದ್ದೂ ದುಡ್ಡಿಲ್ಲದ ದಿನಗಳು

1929ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂಯಾರ್ಕಿನ ಷೇರು ಪೇಟೆ ಕುಸಿಯಿತು. ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ದೇವನಹಳ್ಳಿ ಎನ್ನಬೇಡಿ. ಕೆಲವೇ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಕೃಷಿ ಉತ್ಪನ್ನಗಳ ಬೆಲೆ ಇಳಿಯಿತು. ಭಾರತದಲ್ಲಿ ಅನೇಕ ಬೆಳೆಗಳ ಧಾರಣೆ ಸುಮಾರು ಅರ್ಧಕ್ಕೆ ಬಂತು. ಇದು ಮಳೆ ಬಾರದೆ ಬಂದ ಬರವಲ್ಲ. ಹೊಲದಲ್ಲಿ ರಾಗಿ ಇತ್ತು, ಸಂತೆಯಲ್ಲಿ ಬೆಲೆ ಇರಲಿಲ್ಲ. ಆದರೆ ಕಂದಾಯವನ್ನೂ ಸಾಹುಕಾರನ ಬಡ್ಡಿಯನ್ನೂ ಹಿಂದಿನಂತೆಯೇ ರೂಪಾಯಿಯಲ್ಲಿ ಕಟ್ಟಬೇಕಿತ್ತು. ಮೊದಲು ಒಂದು ಚೀಲ ಮಾರಿ ತೀರಿಸುತ್ತಿದ್ದ ಸಾಲಕ್ಕೆ ಈಗ ಎರಡು ಚೀಲ ಬೇಕಾಯಿತು.

ಬೆಂಗಳೂರಿನ ಉತ್ತರಕ್ಕಿರುವ ಊರುಗಳಿಗೆ ಇನ್ನೊಂದು ಪೆಟ್ಟು ಬಿತ್ತು. ಯಲಹಂಕ ದಾಟಿ ಹೋದರೆ ಸಿಗುವ ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟಗಳ ಕಡೆ ಹಿಪ್ಪುನೇರಳೆ ಮತ್ತು ರೇಷ್ಮೆಯೇ ಜೀವಾಳ. ಚನ್ನಪಟ್ಟಣ, ರಾಮನಗರಗಳಲ್ಲಿಯೂ ಹಾಗೆಯೇ. ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದಲ್ಲಿ ನಮ್ಮ ಸಮುದಾಯದ ಎಷ್ಟು ಕುಟುಂಬಗಳು ತಲೆಮಾರುಗಳಿಂದ ದುಡಿಯುತ್ತಿವೆ ಎಂಬುದು ನಿಮಗೆ ಗೊತ್ತೇ ಇದೆ. ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಪೇಟೆಗೆ ನುಗ್ಗಿದಾಗ ನಮ್ಮ ನೂಲಿಗೆ ಕೇಳುವವರಿಲ್ಲದಂತಾಯಿತು.

ಇಂತಹ ಸಮಯದಲ್ಲಿ ಸರಕಾರಗಳ ಮೊದಲ ಯೋಚನೆ ಖರ್ಚು ಕಡಿಮೆ ಮಾಡುವುದು. ಬ್ರಿಟಿಷ್ ಭಾರತ ಸರಕಾರವು 1931ರಲ್ಲಿ ನೌಕರರ ಸಂಬಳವನ್ನೇ ಕಡಿತಗೊಳಿಸಿತು. ಕೆಲಸಗಳನ್ನು ಆರಂಭಿಸಿ ಜನರ ಕೈಗೆ ಹಣ ತಲಪಿಸಬೇಕು ಎಂಬ ವಿಚಾರವನ್ನು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು 1933ರಲ್ಲಿ. ಮೈಸೂರಿನಲ್ಲಿ ಅಷ್ಟು ದೊಡ್ಡ ಖಜಾನೆ ಇರಲಿಲ್ಲ. ಬ್ರಿಟಿಷರಿಗೆ ಪ್ರತಿವರ್ಷ 35 ಲಕ್ಷ ರೂಪಾಯಿ ಕಪ್ಪ ಕೊಡಬೇಕಿತ್ತು. 1928ರಿಂದ ಅದು 24.5 ಲಕ್ಷಕ್ಕೆ ಇಳಿದುದೇ ಒಂದು ನೆಮ್ಮದಿ. ಇಷ್ಟರಲ್ಲೇ ಮಿರ್ಜಾರವರು ದಾರಿ ಹುಡುಕಬೇಕಿತ್ತು.

ಸಾಲದ ಕುಣಿಕೆ

ಮೊದಲು ಸಾಲದ ವಿಷಯ ನೋಡೋಣ. ಸಾಲಗಾರನು ಸಂಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದೂ, ಮನ್ನಾ ಮಾಡುವುದು ಇನ್ನೂ ಉತ್ತಮವೆಂದೂ ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಬೋಧಿಸುತ್ತದೆ. ಬಡ್ಡಿಯ ನಿಷೇಧದ ಸೂಕ್ತಗಳ ಬೆನ್ನಿಗೇ ಈ ಆದೇಶ ಬಂದಿದೆ. ಹಿಜರಿ 18ರ ಭೀಕರ ಕ್ಷಾಮದಲ್ಲಿ ಹಝ್ರತ್ ಉಮರ್(ರ) ಝಕಾತ್ ವಸೂಲಿಯನ್ನು ಮುಂದೂಡಿದ್ದರು. ಜನರು ಚೇತರಿಸಿಕೊಳ್ಳುವವರೆಗೆ ತಾವೂ ತುಪ್ಪ, ಮಾಂಸ ಮುಟ್ಟಲಿಲ್ಲ. ಸಿರಿಯಾದಿಂದ ಆಹಾರ ತರಿಸಿ ಹಂಚಿದರು.

ಮೈಸೂರು ಇಸ್ಲಾಮೀ ರಾಜ್ಯವಾಗಿರಲಿಲ್ಲ. ಬಡ್ಡಿಯನ್ನು ನಿರ್ಮೂಲ ಮಾಡುವುದು ದಿವಾನರ ಕೈಯಲ್ಲೂ ಇರಲಿಲ್ಲ. ಆದರೆ ಸಾಲಗಾರನ ಕೊರಳಿನ ಕುಣಿಕೆಯನ್ನು ಸಡಿಲಿಸುವ ಕೆಲಸಗಳು ಅವರ ಕಾಲದಲ್ಲಿ ನಡೆದವು. 1928ರಲ್ಲಿ ಕೃಷಿಕರ ಪರಿಹಾರ ಕಾನೂನು ಬಂತು. 1929ರಲ್ಲಿ ಭೂ ಅಡಮಾನ ಸಹಕಾರಿ ಬ್ಯಾಂಕ್ ಸ್ಥಾಪನೆಯಾಯಿತು. ಸಾಹುಕಾರನ ದುಬಾರಿ ಸಾಲವನ್ನು ತೀರಿಸಿ, ದೀರ್ಘ ಅವಧಿಯಲ್ಲಿ ಸಣ್ಣ ಕಂತುಗಳಲ್ಲಿ ಮರುಪಾವತಿ ಮಾಡುವ ಅವಕಾಶವನ್ನು ಅದು ರೈತನಿಗೆ ಕೊಟ್ಟಿತು. 1937ರಲ್ಲಿ ಸಾಲ ಕೊಟ್ಟವರನ್ನೂ ಪಡೆದವರನ್ನೂ ಕೂರಿಸಿ ರಾಜಿ ಮಾಡಿಸುವ ಕಾನೂನೂ ಬಂತು. ಆ ಬ್ಯಾಂಕೂ ಬಡ್ಡಿಯಿಂದ ಮುಕ್ತವಾಗಿರಲಿಲ್ಲ ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಹೊಲ ಹರಾಜಾಗದಂತೆ ಉಳಿಸುವ ಪ್ರಯತ್ನವಾಗಿತ್ತು ಎಂಬುದನ್ನೂ ಮರೆಯಬಾರದು.

ನೀರು, ಕಬ್ಬು, ಕಾರ್ಖಾನೆ

ಇನ್ನು ಕೊಡಲಿಯ ವಿಷಯ. ಸಂಕಷ್ಟದ ನಡುವೆಯೇ ಕೃಷ್ಣರಾಜಸಾಗರದಿಂದ ಮಂಡ್ಯದ ಒಣಭೂಮಿಗೆ ನೀರು ಹರಿಸುವ ಕಾಲುವೆಯ ಕೆಲಸ ಮುಂದುವರಿಯಿತು. 1,20,000 ಎಕರೆಗೆ ನೀರುಣಿಸುವ ಯೋಜನೆ ಅದು. ಅಂದು ಇರ್ವಿನ್ ಕಾಲುವೆ ಎಂದಿದ್ದ ಹೆಸರು ಇಂದು ವಿಶ್ವೇಶ್ವರಯ್ಯ ಕಾಲುವೆ ಎಂದಾಗಿದೆ. ಬೆಟ್ಟ ಕೊರೆದು ಸುರಂಗ ಮಾಡಿ ನೀರು ತಂದ ಈ ಕಾಮಗಾರಿ ಕಾರ್ಮಿಕರಿಗೆ ಕೂಲಿಯಾಯಿತು, ರೈತರಿಗೆ ಬೆಳೆಯಾಯಿತು.

ಆದರೆ ನೀರು ಬಂದ ಮಾತ್ರಕ್ಕೆ ರೈತ ಉಳಿಯುವನೇ? ಬೆಲೆಯೇ ಇಲ್ಲದ ಧಾನ್ಯವನ್ನು ಇನ್ನಷ್ಟು ಬೆಳೆದರೆ ನಷ್ಟವೇ ಹೆಚ್ಚು. ಇಲ್ಲಿ ನಮ್ಮ ಹೆಬ್ಬಾಳದ ಪಾತ್ರವಿದೆ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭಿಸಿದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆಗ ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದರು. ಕಾಲುವೆಯ ನೀರಿಗೆ ಕಬ್ಬು, ಕಬ್ಬಿಗೆ ಸಕ್ಕರೆ ಕಾರ್ಖಾನೆ ಎಂಬ ಯೋಜನೆಯ ಹಿಂದೆ ಅವರ ಶ್ರಮವಿತ್ತು. 1932ರಲ್ಲಿ ಭಾರತ ಸರಕಾರ ವಿದೇಶಿ ಸಕ್ಕರೆಯ ವಿರುದ್ಧ ರಕ್ಷಣಾ ಸುಂಕದ ಕಾನೂನು ತಂದಾಗ ಮೈಸೂರು ಆ ಅವಕಾಶವನ್ನು ಕೈಬಿಡಲಿಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಸರಕಾರದ ಬಂಡವಾಳದ ಜೊತೆಗೆ ರೈತರೂ ಅದರ ಷೇರುದಾರರಾದರು. ಯಾವ ಬೆಳೆಗೂ ಬೆಲೆಯಿಲ್ಲದ ದಿನಗಳಲ್ಲಿ ಖಚಿತವಾಗಿ ಕೊಳ್ಳುವವರಿರುವ ಒಂದು ಬೆಳೆ ಮಂಡ್ಯದ ರೈತನಿಗೆ ಸಿಕ್ಕಿತು. ಆ ಸೀಮೆ ಎಷ್ಟು ಬೆಳೆಯಿತೆಂದರೆ 1939ರಲ್ಲಿ ಮಂಡ್ಯವನ್ನು ಪ್ರತ್ಯೇಕ ಜಿಲ್ಲೆಯಾಗಿ ಮಾಡಲಾಯಿತು.

ಪ್ರವಾದಿ ಯೂಸುಫ್(ಅ)ರ ಚರಿತ್ರೆ ಇಲ್ಲಿ ನೆನಪಿಗೆ ಬರುವುದಿಲ್ಲವೇ? ಸಮೃದ್ಧಿಯ ಏಳು ವರ್ಷಗಳಲ್ಲಿ ತೆನೆಯಲ್ಲೇ ಧಾನ್ಯವನ್ನು ಕಾದಿಟ್ಟು ಬರದ ಏಳು ವರ್ಷಗಳನ್ನು ದಾಟಿಸಿದ ಆ ಮಹಾತ್ಮರು, ಯೋಜನೆ ಮಾಡುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲವೆಂದು ತೋರಿಸಿಕೊಟ್ಟರು. ಇಬ್ಬರ ಮಧ್ಯೆ ಸಾವಿರಾರು ವರ್ಷಗಳ ಅಂತರವಿದೆ. ನಂಬಿಕೆಯಿಂದ ವಹಿಸಿಕೊಟ್ಟ ಖಜಾನೆ ಅಮಾನತ್ ಎಂಬ ತತ್ವ ಮಾತ್ರ ಬದಲಾಗಿಲ್ಲ.

ಯಶವಂತಪುರದ ದಾರಿಯ ಗುರುತುಗಳು

ನೀವು ಯಶವಂತಪುರದಿಂದ ಮಲ್ಲೇಶ್ವರದ ಕಡೆಗೆ ಬರುವಾಗ ಭಾರತೀಯ ವಿಜ್ಞಾನ ಸಂಸ್ಥೆಯ ಎದುರಿಗೆ ಒಂದು ಹಳೆಯ ಕಾರ್ಖಾನೆಯನ್ನು ನೋಡಿರುತ್ತೀರಿ. 1932ರಲ್ಲಿ, ಆರ್ಥಿಕ ಮುಗ್ಗಟ್ಟು ಇನ್ನೂ ಬಿಗಿಯಾಗಿದ್ದಾಗ, ಮೈಸೂರು ಸರಕಾರ ಆರಂಭಿಸಿದ ಪಿಂಗಾಣಿ ಕಾರ್ಖಾನೆ ಅದು. ವಿದ್ಯುತ್ ಕಂಬಗಳಲ್ಲಿ ತಂತಿ ಹಿಡಿದಿಡುವ ಪಿಂಗಾಣಿ ಬಿಲ್ಲೆಗಳನ್ನು ಅಲ್ಲಿ ತಯಾರಿಸಲಾಯಿತು. ಹಳ್ಳಿಗಳಿಗೆ ವಿದ್ಯುತ್ ಒಯ್ಯಬೇಕಾದರೆ ಅಂತಹ ಬಿಲ್ಲೆಗಳು ಬೇಕು. ಅವನ್ನು ಹೊರದೇಶದಿಂದ ತರಿಸುವ ಬದಲು ಇಲ್ಲಿಯ ಮಣ್ಣಿನಿಂದ ಇಲ್ಲಿಯ ಕೈಗಳೇ ಮಾಡಿದರೆ ಹಣ ಊರಲ್ಲೇ ಉಳಿಯುತ್ತದೆ. ಮುಂದೆ 1976ರಲ್ಲಿ ಅದು ಕೇಂದ್ರ ಸರಕಾರದ ಬಿ.ಎಚ್.ಇ.ಎಲ್. ಸಂಸ್ಥೆಯೊಳಗೆ ಸೇರಿತು.

ಅದೇ ಭಾಗದಲ್ಲಿ, ಹಳೆಯ ತುಮಕೂರು ರಸ್ತೆಯಲ್ಲಿ, 1936ರಲ್ಲಿ ಮೈಸೂರು ಲ್ಯಾಂಪ್ಸ್ ಆರಂಭವಾಯಿತು. ಕೆಲವು ದಶಕಗಳ ಕಾಲ ಮನೆಮನೆಯಲ್ಲಿ ಬೆಳಗಿದ ಆ ಬಲ್ಬುಗಳ ಕಾರ್ಖಾನೆ 2003ರಲ್ಲಿ ಮುಚ್ಚಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಗ್ಗಟ್ಟಿನ ಕಾಲದಲ್ಲಿ ನಷ್ಟದಲ್ಲಿದ್ದರೂ ಬಾಗಿಲು ಹಾಕಲಿಲ್ಲ. ಮುಂದಿನ ವರ್ಷಗಳಲ್ಲಿ ಅದಕ್ಕೆ ಉಕ್ಕು ಮತ್ತು ಸಿಮೆಂಟ್ ಘಟಕಗಳು ಸೇರಿದವು. 1936ರಲ್ಲಿ ಅಲ್ಲಿಯೇ ಕಾಗದದ ಕಂಪೆನಿಯೂ ಹುಟ್ಟಿತು. ಬೆಂಗಳೂರಿಗೆ ಕುಡಿಯುವ ನೀರು ತಂದ ತಿಪ್ಪಗೊಂಡನಹಳ್ಳಿ ಜಲಾಶಯ 1933ರದ್ದು. ತಾಯಂದಿರಿಗಾಗಿ ಕಟ್ಟಿದ ವಾಣಿವಿಲಾಸ ಆಸ್ಪತ್ರೆ 1935ರದ್ದು. ಎಲ್ಲವೂ ಕಷ್ಟದ ವರ್ಷಗಳವೇ ಎಂಬುದನ್ನು ಗಮನಿಸಿರಿ.

ರೇಷ್ಮೆಯವರನ್ನೂ ಕೈಬಿಡಲಿಲ್ಲ. ಹೊರದೇಶದ ರೇಷ್ಮೆಯ ಮೇಲೆ ಸುಂಕ ಹಾಕುವ ಅಧಿಕಾರ ಮೈಸೂರಿಗಿರಲಿಲ್ಲ, ಅದು ಭಾರತ ಸರಕಾರದ್ದು. ರೇಷ್ಮೆಗೆ ರಕ್ಷಣೆ ಬೇಕೆಂದು ಮೈಸೂರು ಒತ್ತಾಯಿಸಿತು. 1934ರಲ್ಲಿ ರಕ್ಷಣಾ ಸುಂಕ ಜಾರಿಗೆ ಬಂತು. ನೂಲು ಬಿಚ್ಚಿದ ಮೇಲೆ ಉಳಿಯುವ ತ್ಯಾಜ್ಯ ರೇಷ್ಮೆಯಿಂದಲೂ ನೂಲು ತೆಗೆಯುವ ಗಿರಣಿ ಆ ದಶಕದ ಉತ್ತರಾರ್ಧದಲ್ಲಿ ಚನ್ನಪಟ್ಟಣದಲ್ಲಿ ಆರಂಭವಾಯಿತು. ಕಸವೆಂದು ಬಿಸಾಡುತ್ತಿದ್ದುದಕ್ಕೂ ಬೆಲೆ ಬಂತು.

ದೊಡ್ಡ ಕಾರ್ಖಾನೆ ಬಡ ಹೆಣ್ಣುಮಗಳ ಮನೆಗೆ ಬರುವುದಿಲ್ಲ. ಅದಕ್ಕೆ ಚರಕವೇ ಬೇಕು. 1927ರಲ್ಲಿ ಗಾಂಧೀಜಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲು ಹೆಬ್ಬಾಳ, ಯಲಹಂಕಗಳ ಆಚೆಯ ನಂದಿ ಬೆಟ್ಟದಲ್ಲಿ ತಂಗಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನ ನಡೆಯಿತು, ನಂಜನಗೂಡು ಬಳಿಯ ಬದನವಾಳಿನಲ್ಲಿ ಸಂಸ್ಥಾನದ ನೆರವಿನಿಂದ ಖಾದಿ ಕೇಂದ್ರ ತೆರೆಯಿತು. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನವೊಂದು ಖಾದಿಯನ್ನು ಪ್ರೋತ್ಸಾಹಿಸುವುದು ಅಂದು ಸಣ್ಣ ಧೈರ್ಯವೇನಲ್ಲ. ಮುಗ್ಗಟ್ಟು ಬಂದಾಗ ಹಳ್ಳಿಯ ಹೆಂಗಸರಿಗೆ ಮನೆಯಲ್ಲೇ ಕೂತು ನಾಲ್ಕು ಕಾಸು ಗಳಿಸುವ ದಾರಿ ಆಗಲೇ ಸಿದ್ಧವಾಗಿತ್ತು.

ಅಪವಾದಗಳೂ ತಪ್ಪುಗಳೂ

ವಾಚಕರೇ, ಒಬ್ಬರ ಜೀವನ ಬರೆಯುವಾಗ ಗುಣಗಳನ್ನು ಮಾತ್ರ ಹೇಳುವುದು ನ್ಯಾಯವಲ್ಲ. ನಮ್ಮವರ ವಿರುದ್ಧವಾದರೂ ಸತ್ಯವನ್ನೇ ಹೇಳಬೇಕೆಂದು ಕುರ್‌ಆನ್ ನಮಗೆ ಕಲಿಸಿದೆ.

ದಿವಾನರು ಮುಸ್ಲಿಮರೆಂಬ ಕಾರಣಕ್ಕೆ ಕೆಲವರು ಅವರನ್ನು ಸಂಶಯಿಸಿದರು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆಯೆದ್ದಾಗ ಅವರ ಮೇಲೆ ಆರೋಪಗಳ ಮಳೆಯೇ ಸುರಿಯಿತು. ಸರಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಅತ್ತ, ಕೆಲವು ವರ್ಷಗಳ ನಂತರ ಹೈದರಾಬಾದಿನ ಪ್ರಧಾನಿಯಾಗಿದ್ದಾಗ, ತಮ್ಮದೇ ಸಮುದಾಯದ ಉಗ್ರ ನಿಲುವಿನವರಿಂದ ಅವರು ವಿರೋಧ ಎದುರಿಸಿ 1947ರಲ್ಲಿ ಹುದ್ದೆ ಬಿಟ್ಟರು. ಎರಡೂ ಕಡೆಯ ಕುರುಡು ಅಭಿಮಾನಿಗಳಿಗೆ ನ್ಯಾಯವಂತ ಯಾವಾಗಲೂ ಅಪಥ್ಯವೇ.

ಆದರೆ ಎಲ್ಲ ಟೀಕೆಗಳೂ ಅಪವಾದಗಳಲ್ಲ. ಜನರಿಗೆ ಕೆಲಸ ಕೊಡಲು ಮುಂದಾದ ಅವರ ಸರಕಾರ, ಜನರಿಗೆ ಅಧಿಕಾರ ಕೊಡಲು ಹಿಂಜರಿಯಿತು. ಜವಾಬ್ದಾರಿ ಸರಕಾರದ ಬೇಡಿಕೆಯನ್ನು ತಡೆಯುತ್ತಾ ಬಂತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಬಳಿಕ ಸರ್ದಾರ್ ಪಟೇಲರೊಂದಿಗೆ ಒಪ್ಪಂದವಾಗಿ ಧ್ವಜ ಹಾರಿಸಲು ಅವಕಾಶ ಸಿಕ್ಕಿತಾದರೂ ಹೋದ ಜೀವಗಳು ಮರಳಲಿಲ್ಲ. ಆಡಳಿತದ ಹೊಣೆ ಹೊತ್ತವರು ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಮಾನವನ ಹಕ್ಕು ತೀರುವುದಿಲ್ಲ.

1941ರಲ್ಲಿ ಮಿರ್ಜಾ ಮೈಸೂರಿನ ದಿವಾನಗಿರಿಗೆ ರಾಜೀನಾಮೆಯಿತ್ತರು. ನಂತರ ಜೈಪುರದ ಪ್ರಧಾನಿಯಾಗಿ ಆ ನಗರವನ್ನು ವಿಸ್ತರಿಸಿದರು. ಅಲ್ಲಿಯ ಪ್ರಮುಖ ರಸ್ತೆಗೆ ಇಂದಿಗೂ ಅವರ ಹೆಸರಿದೆ. ಹೈದರಾಬಾದಿನ ನಂತರ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಶ್ಯದಲ್ಲಿಯೂ ಸ್ವಲ್ಪ ಕಾಲ ಸೇವೆ ಸಲ್ಲಿಸಿದರು. 1959ರ ಜನವರಿ 5ರಂದು ತಾವು ಹುಟ್ಟಿದ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ನಮ್ಮ ಕೈಯಲ್ಲಿರುವ ಎರಡು ದಿರ್ಹಮ್

ಇದು ದಿವಾನರ ಕತೆ, ನಮಗೇನು ಎಂದು ನೀವು ಕೇಳಬಹುದು. 2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿ. ಆರ್.ಟಿ. ನಗರದ ಟೈಲರ್, ಹೆಬ್ಬಾಳದ ಆಟೋ ಚಾಲಕ, ಯಶವಂತಪುರದ ಮಾರುಕಟ್ಟೆಯ ಹಮಾಲಿ, ಯಲಹಂಕದ ಗಾರೆ ಕೆಲಸದವ, ಎಲ್ಲರ ಕೈ ಒಂದೇ ವಾರದಲ್ಲಿ ಬರಿದಾಯಿತು. ಅಕ್ಕಿ, ಬೇಳೆ, ಎಣ್ಣೆಯ ಕಿಟ್‌ಗಳನ್ನು ಹಂಚಿದವರು ನಮ್ಮ ನಡುವೆ ಕಡಿಮೆಯಿರಲಿಲ್ಲ. ಅಲ್ಲಾಹನು ಅವರ ಸತ್ಕರ್ಮವನ್ನು ಸ್ವೀಕರಿಸಲಿ. ಆದರೆ ಒಂದು ಕಿಟ್ ಎಷ್ಟು ದಿನ ಬಂದೀತು? ಆ ನಂತರವೂ ಅದೇ ಮನುಷ್ಯ ತಲೆತಗ್ಗಿಸಿ ಅದೇ ಬಾಗಿಲಿಗೆ ಬರಬೇಕಾದರೆ ನಾವು ಮೊದಲ ದಿರ್ಹಮನ್ನು ಮಾತ್ರ ಕೊಟ್ಟಿದ್ದೇವೆ ಎಂದರ್ಥ.

ಎರಡನೆಯ ದಿರ್ಹಮ್ ಎಲ್ಲಿದೆ? ನಿಮ್ಮ ಝಕಾತನ್ನು ಹತ್ತಾರು ಜನರಿಗೆ ನೂರಿನ್ನೂರರಂತೆ ಹಂಚಿಬಿಡುವ ಬದಲು, ಮೊಹಲ್ಲಾದ ನಾಲ್ಕು ಮಂದಿ ಒಟ್ಟುಗೂಡಿಸಿ, ಅರ್ಹಳಾದ ಒಬ್ಬ ವಿಧವೆಗೆ ಹೊಲಿಗೆ ಯಂತ್ರ ಕೊಡಿಸಬಹುದು. ಕೆಲಸ ಬಲ್ಲ ಒಬ್ಬ ಯುವಕನಿಗೆ ಉಪಕರಣಗಳ ಪೆಟ್ಟಿಗೆ ಕೊಡಿಸಬಹುದು. ಬಡ್ಡಿಯ ಸಾಲದಲ್ಲಿ ಸಿಲುಕಿದವನಿಗೆ ಕರ್ಝೆ ಹಸನ ಕೊಟ್ಟು ಬಿಡಿಸಬಹುದು. ನಿಮಗೆ ಬಾಕಿ ಕೊಡಬೇಕಾದವನು ನಿಜಕ್ಕೂ ಕಷ್ಟದಲ್ಲಿದ್ದರೆ ಗಡುವನ್ನು ಮುಂದೂಡಬಹುದು. ಇದಕ್ಕೆ ದಿವಾನಗಿರಿ ಬೇಡ. ಪ್ರತಿಯೊಬ್ಬನೂ ತನ್ನ ಮಂದೆಯ ಕಾವಲುಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ?

ಮುಂದಿನ ಸಲ ಯಶವಂತಪುರದ ಆ ಹಳೆಯ ಕಾರ್ಖಾನೆಯ ಮುಂದೆ ಬಸ್ಸು ನಿಂತಾಗ ನಿಮ್ಮ ಮಕ್ಕಳಿಗೆ ಅದನ್ನು ತೋರಿಸಿ. ಲೋಕವೆಲ್ಲ ಕೈಚೆಲ್ಲಿದ್ದ ಕಾಲದಲ್ಲಿ, ನಮ್ಮಂತೆಯೇ ಕಲಿಮ ಹೇಳುವ ಒಬ್ಬರು ದಿವಾನರಾಗಿದ್ದಾಗ, ಜಾತಿ ಮತ ಕೇಳದೆ ಎಲ್ಲ ಕೈಗಳಿಗೂ ಕೆಲಸ ಹುಡುಕಲಾಯಿತೆಂದು ಹೇಳಿ. ಆಮೇಲೆ ಮನೆಗೆ ಹೋಗಿ, ನಿಮ್ಮ ಬೀದಿಯಲ್ಲಿ ಯಾರ ಕೈ ಬರಿದಾಗಿದೆ ಎಂದು ನೋಡಿ.

ಅಲ್ಲಾಹನು ನಮ್ಮನ್ನು ಕೊಡುವ ಕೈಗಳನ್ನಾಗಿ ಮಾಡಲಿ, ಪಡೆದವರನ್ನು ಮುಂದೊಂದು ದಿನ ಕೊಡುವವರನ್ನಾಗಿ ಮಾಡುವ ವಿವೇಕವನ್ನೂ ಅನುಗ್ರಹಿಸಲಿ. ಆಮೀನ್.